ಓದುಗರ ಪ್ರಶ್ನೆ, ನಮ್ಮ ಉತ್ತರ: ಅಟ್ಟದಿಂದ ಇಳಿದ ಎಲ್‌ಪಿಗಳು

ಪ್ರಶ್ನೆ: ಬದಿಯಡ್ಕ ಸಮೀಪದ ನಮ್ಮ ಹಳೆಯ ಮನೆಯ ಹೆಂಚು ಬದಲಿಸುವಾಗ ಅಟ್ಟದಿಂದ ಒಂದು ಮರದ ಪೆಟ್ಟಿಗೆ ಇಳಿಯಿತು. ದಿವಂಗತ ಸೋದರಮಾವನವರು 1970ರ ದಶಕದಲ್ಲಿ ಗಲ್ಫಿನಿಂದ ರಜೆಗೆ ಬರುವಾಗ ತಂದ ಇಂಗ್ಲಿಷ್ ಎಲ್‌ಪಿಗಳೂ (ಉದ್ದ ಹೊತ್ತು ಹಾಡುವ ದೊಡ್ಡ ಗ್ರಾಮಫೋನ್ ಪ್ಲೇಟುಗಳು) ಕನ್ನಡ, ಮಲಯಾಳ ಸಿನಿಮಾ ಹಾಡುಗಳ ಚಿಕ್ಕ ಪ್ಲೇಟುಗಳೂ ಸೇರಿ ಅದರಲ್ಲಿ 60ರಷ್ಟಿವೆ. ಕೆಲವಕ್ಕೆ ಬೂಷ್ಟು ಹಿಡಿದಿದೆ. ಇವೆಲ್ಲ ಮೊಬೈಲಿನಲ್ಲೇ ಸಿಗುತ್ತವೆ, ಇಟ್ಟುಕೊಂಡು ಏನು ಪ್ರಯೋಜನ ಎಂದು ಮಗಳು ಕೇಳುತ್ತಾಳೆ. ಆ ಕಾಲದ ಆಲ್ಬಮ್‌ಗಳಿಗೆ ನಿಜವಾಗಿಯೂ ಏನಾದರೂ ವಿಶೇಷವಿದೆಯೇ? ಪ್ರತಿ ಮಗ್ಗುಲಿನ ಕೊನೆಯ ಹಾಡು ಮಾತ್ರ ಸ್ವಲ್ಪ ಒಡಕಾಗಿ ಕೇಳುವುದೇಕೆ?
— ಓದುಗರೊಬ್ಬರು, ಕಾಸರಗೋಡು ಜಿಲ್ಲೆ

ಉತ್ತರ: ತಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೊದಲನೆಯದಕ್ಕೆ ಉತ್ತರ ಅದರೊಳಗೇ ಇದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಮತ್ತು ಆ ವೇಗ ಮೊದಲಿನಿಂದ ಕೊನೆಯವರೆಗೂ ಬದಲಾಗುವುದಿಲ್ಲ. ಆದರೆ ಹೊರ ಅಂಚಿನಲ್ಲಿ ಮುಳ್ಳು ಓಡುವ ಗೀರಿನ ಒಂದು ಸುತ್ತು ದೊಡ್ಡದು, ಒಳಗೆ ಹೋದಂತೆ ಚಿಕ್ಕದು. ಹೀಗಾಗಿ ಮುಳ್ಳಿನ ಕೆಳಗೆ ಆರಂಭದಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರಿನಷ್ಟು ಗೀರು ಹಾದುಹೋದರೆ, ಲೇಬಲಿನ ಹತ್ತಿರ ಬರುವ ಹೊತ್ತಿಗೆ 21 ಸೆಂಟಿಮೀಟರಿನಷ್ಟು ಮಾತ್ರ ಹಾದುಹೋಗುತ್ತದೆ. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುವುದರಿಂದ ತಾಳದ ಕಿಣಿಕಿಣಿ, ಗಾಯಕರ ‘ಸ’ಕಾರ ಇಂಥ ಸೂಕ್ಷ್ಮಗಳು ಅಲ್ಲಿ ಒರಟಾಗುತ್ತವೆ. ಮುಳ್ಳು ಸವೆದಿದ್ದರಂತೂ ಕೇಳುವುದೇ ಬೇಡ.

ಈ ಮಿತಿಯೊಳಗೆ, ಮಗ್ಗುಲಿಗೆ ಸುಮಾರು 20 ನಿಮಿಷಗಳಲ್ಲಿ, ಹಾಡುಗಳನ್ನು ಯಾವ ಕ್ರಮದಲ್ಲಿ ಕೂರಿಸಬೇಕೆಂದು ಕುಳಿತು ಯೋಚಿಸಿದ ದಶಕ ಎಪ್ಪತ್ತರದು. ಫ್ಲೀಟ್‌ವುಡ್ ಮ್ಯಾಕ್ ತಂಡದ 1977ರ ‘ರೂಮರ್ಸ್’ ಪೆಟ್ಟಿಗೆಯಲ್ಲಿದ್ದರೆ ಅದರ ಮೊದಲ ಮಗ್ಗುಲನ್ನು ಪೂರ್ತಿಯಾಗಿ ಕೇಳಿರಿ: ಗಿಟಾರಿನ ಅಬ್ಬರವೆಲ್ಲ ಮುಗಿದ ಮೇಲೆ, ಲೇಬಲಿಗೆ ತಾಗಿದ ಆ ಇಕ್ಕಟ್ಟಿನ ಜಾಗದಲ್ಲಿ, ಬರ್ಕ್ಲಿಯ ಖಾಲಿ ಸಭಾಂಗಣವೊಂದರಲ್ಲಿ ಮುದ್ರಿಸಿದ ಪಿಯಾನೊದ ಒಂದು ಮೆಲುಹಾಡು ಬರುತ್ತದೆ. ಪಿಂಕ್ ಫ್ಲಾಯ್ಡ್‌ನ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಎದೆಬಡಿತದಿಂದ ಆರಂಭವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ಅದರ ಮೊದಲ ಮಗ್ಗುಲು ಮಾತಿಲ್ಲದ ಹೆಣ್ಣುದನಿಯ ಆಲಾಪದಲ್ಲಿ ಕರಗುತ್ತದೆ. ಎದ್ದು ಹೋಗಿ ಪ್ಲೇಟನ್ನು ಮಗುಚಿ ಹಾಕಿದಾಗ ನಾಣ್ಯಗಳ ಝಣಝಣ, ಅಂಗಡಿಯ ಗಲ್ಲಾಪೆಟ್ಟಿಗೆಯ ಸದ್ದು ತಾಳಕ್ಕೆ ಸರಿಯಾಗಿ ಕೇಳಿಬರುತ್ತದೆ. ನಡುವಿನ ಆ ಅರ್ಧ ನಿಮಿಷದ ಮೌನ ನನ್ನ ಮಟ್ಟಿಗೆ ಆಲ್ಬಮ್ಮಿನದೇ ಒಂದು ಭಾಗ. ಮೊಬೈಲಿನಲ್ಲಿ ಆಲಾಪದ ಬೆನ್ನಿಗೇ ನಾಣ್ಯ ಸುರಿಯುತ್ತದೆ. ತಮ್ಮ ಮಗಳು ಹೇಳಿದಂತೆ ಹಾಡುಗಳೆಲ್ಲ ಅಲ್ಲಿರುವುದು ನಿಜ, ಈ ಬಿಡುವು ಮಾತ್ರ ಅಲ್ಲಿಲ್ಲ.

ನಮ್ಮವರ ಕಿವಿಗೆ ಬೇಗ ಒಗ್ಗುವುದು ‘ಶಕ್ತಿ’ ತಂಡದ ಮೊದಲ ಎಲ್‌ಪಿ. ಜಾನ್ ಮೆಕ್‌ಲಾಫ್ಲಿನ್ ಅವರ ಗಿಟಾರ್, ಎಲ್. ಶಂಕರ್ ಅವರ ಪಿಟೀಲು, ಝಾಕಿರ್ ಹುಸೇನರ ತಬಲಾ, ವಿಕ್ಕು ವಿನಾಯಕರಾಮ್ ಅವರ ಘಟ ಸೇರಿದ ಆ ನೇರ ಕಛೇರಿಯ ಮುದ್ರಿಕೆಯ ಎರಡನೆಯ ಮಗ್ಗುಲಿನಲ್ಲಿ ಒಂದೇ ಒಂದು ಕೃತಿ ಇದೆ, ಅದು ಅರ್ಧ ಗಂಟೆಯ ಹತ್ತಿರಕ್ಕೆ ಹೋಗುತ್ತದೆ. ಅಷ್ಟು ಉದ್ದವನ್ನು ಹಿಡಿಸಲು ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗುತ್ತದೆ, ಆಗ ಸದ್ದು ಸಣ್ಣದಾಗುತ್ತದೆ. ವಾಲ್ಯೂಮನ್ನು ಸ್ವಲ್ಪ ಏರಿಸಿಕೊಂಡರಾಯಿತು, ಪ್ಲೇಟು ಕೆಟ್ಟಿದೆಯೆಂದು ಭಾವಿಸಬೇಡಿ.

ಕನ್ನಡದ ಪ್ಲೇಟುಗಳ ಲೆಕ್ಕ ಬೇರೆ. ವಿಜಯಭಾಸ್ಕರ್ ಅವರ ‘ನಾಗರಹಾವು’ (1972), ರಾಜನ್–ನಾಗೇಂದ್ರ ಅವರ ‘ಎರಡು ಕನಸು’ (1974) ಇವುಗಳ ಸಂಗೀತದ ಎದುರು ಮೇಲೆ ಹೇಳಿದ ಯಾವುದೂ ನನಗೆ ಹೆಚ್ಚಿನದಲ್ಲ. ಆದರೆ ಸಿನಿಮಾ ಹಾಡು ಮನೆಗೆ ಬರುತ್ತಿದ್ದದ್ದು ಹೆಚ್ಚಾಗಿ ನಿಮಿಷಕ್ಕೆ 45 ಸುತ್ತಿನ, 7 ಇಂಚಿನ ಇಪಿ ಎಂಬ ಚಿಕ್ಕ ಪ್ಲೇಟಾಗಿ, ಮಗ್ಗುಲಿಗೆ ಎರಡು ಹಾಡುಗಳಂತೆ. ಕತೆಯ ಸಂದರ್ಭವನ್ನು ಕಳಚಿಕೊಂಡು ಬಂದ ಆ ಹಾಡುಗಳಿಗೆ ಪ್ಲೇಟಿನ ಮೇಲೆ ಒಂದಕ್ಕೊಂದು ನೆಂಟಸ್ತಿಕೆ ಇರಬೇಕಾಗಿರಲಿಲ್ಲ. ಒಬ್ಬ ಕವಿ, ಒಬ್ಬ ಸಂಯೋಜಕ, ಒಂದೇ ಭಾವದ ಹರಿವು ಎಂಬಂಥ ಇಡಿಯಾದ ಆಲ್ಬಮ್ ಕನ್ನಡಿಗರ ಮನೆಮನೆಗೆ ಮುಟ್ಟಿದ್ದು ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 1978ರ ‘ನಿತ್ಯೋತ್ಸವ’ದಿಂದ ಎಂಬುದು ನನ್ನ ಅಭಿಪ್ರಾಯ. ಅದು ಬಂದದ್ದು ಕ್ಯಾಸೆಟ್ಟಾಗಿ. ಆದ್ದರಿಂದ ತಮ್ಮ ಪೆಟ್ಟಿಗೆಯಲ್ಲಿ ಹುಡುಕಿ ನಿರಾಶರಾಗಬೇಡಿ.

ಇನ್ನು ಬೂಷ್ಟು. ನಮ್ಮ ಮಳೆಗಾಲದಲ್ಲಿ ಅಟ್ಟದಲ್ಲಿಟ್ಟ ಯಾವ ವಸ್ತುವಿಗೆ ಬೂಷ್ಟು ಹಿಡಿಯುವುದಿಲ್ಲ? ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಸೌಮ್ಯ ದ್ರವದ ಒಂದೆರಡು ಹನಿ ಬೆರೆಸಿ, ಲೇಬಲನ್ನು ಒದ್ದೆ ಮಾಡದೆ, ಮೆತ್ತನೆಯ ಬ್ರಷ್ಷಿನಿಂದ ಗೀರಿನ ಗುಂಟ ಸುತ್ತಲೂ ಒರೆಸಿರಿ, ಅಡ್ಡಕ್ಕೆ ಉಜ್ಜಬಾರದು. ಮತ್ತೆ ಬರೀ ಡಿಸ್ಟಿಲ್ಡ್ ವಾಟರಿನಿಂದ ತೊಳೆದು ನೆರಳಿನಲ್ಲೇ ಆರಿಸಬೇಕು. ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಒಂದು ಎಲ್‌ಪಿಯನ್ನು ಅಂಗಳದಲ್ಲಿ ಹರಡಿದ್ದ ಅಡಿಕೆಯ ಪಕ್ಕದಲ್ಲೇ ಬಿಸಿಲಿಗೆ ಒರಗಿಸಿಟ್ಟು ಕಾಫಿ ಕುಡಿಯಲು ಒಳಗೆ ಹೋದೆ. ಬಂದು ನೋಡುವಾಗ ಅದರ ಅಂಚು ಕರಿದ ಹಪ್ಪಳದಂತೆ ಎದ್ದು ನಿಂತಿತ್ತು. ಇಂದಿಗೂ ಅದರ ಮೇಲೆ ಮುಳ್ಳು ಏರಿಳಿಯುತ್ತ ಓಡುವುದನ್ನು ನೋಡಿ ಮನೆಯವರು ನಗುತ್ತಾರೆ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ, ಅಟ್ಟದಲ್ಲಲ್ಲ, ಗಾಳಿಯಾಡುವ ಕೋಣೆಯಲ್ಲಿಡಿ.

ಪೆಟ್ಟಿಗೆಯಲ್ಲಿ ದಪ್ಪಗೆ, ಭಾರವಾಗಿ, 78 ಎಂದು ಬರೆದವು ಇದ್ದರೆ ಅವು ಅರಗಿನವು; ಬಿದ್ದರೆ ಮಡಕೆಯಂತೆ ಒಡೆಯುತ್ತವೆ, ಸ್ಪಿರಿಟ್ ತಾಗಿಸಿದರೆ ಕರಗುತ್ತವೆ, ಅವಕ್ಕೆ ಬೇರೆಯದೇ ಅಗಲದ ಮುಳ್ಳು ಬೇಕು. ಕೀಲಿ ಕೊಡುವ ಹಳೆಯ ಗ್ರಾಮಫೋನ್ ಮನೆಯಲ್ಲಿದ್ದರೂ ಅದರ ಮೇಲೆ ಎಲ್‌ಪಿಯನ್ನು ದಯವಿಟ್ಟು ಇಡಬೇಡಿ. ಈಗಿನ ಒಳ್ಳೆಯ ಯಂತ್ರದ ಮುಳ್ಳು ಗೀರಿನ ಮೇಲೆ ಸುಮಾರು 2 ಗ್ರಾಮಿನ ಭಾರ ಹಾಕಿದರೆ ಆ ಗ್ರಾಮಫೋನಿನ ಉಕ್ಕಿನ ಮುಳ್ಳು 100 ಗ್ರಾಮಿಗೂ ಹೆಚ್ಚು ಹಾಕುತ್ತದೆ, ಒಂದೇ ಸಲಕ್ಕೆ ಗೀರು ಉಳಿಯುವುದಿಲ್ಲ.

ಮಾರುವ ಯೋಚನೆ ಬಂದರೂ ಇಡೀ ಪೆಟ್ಟಿಗೆಯನ್ನು ಒಟ್ಟು ಬೆಲೆಗೆ ಕೊಡಬೇಡಿ. ಕೊಳ್ಳುವವರು ಗೀಚು, ಬಾಗು, ಕವಚದ ಸ್ಥಿತಿ ಎಲ್ಲವನ್ನೂ ಒಂದೊಂದಾಗಿ ನೋಡಿಯೇ ಬೆಲೆ ಕಟ್ಟುತ್ತಾರೆ. ಖಾಲಿ ಕವಚಗಳು ಸಿಕ್ಕಿದರೆ ಅವನ್ನೂ ಎಸೆಯಬೇಡಿ. ಮಾವನವರು ರಜೆಯ ಗಡಿಬಿಡಿಯಲ್ಲಿ ಪ್ಲೇಟನ್ನು ಇನ್ನೊಂದರ ಕವಚಕ್ಕೆ ತುರುಕಿರುವ ಸಂಭವವಿದೆ, ನನ್ನ ಸಂಗ್ರಹದಲ್ಲೇ ಅಂಥವು ಮೂರಿವೆ.