3 ಲಕ್ಷದಲ್ಲಿ ಸ್ವಿಫ್ಟ್ ಮಾಡಿಫೈ ಮಾಡಿಸಿ ರೇಸರ್ ಆಗಬಹುದಾ? 22ನೇ ವಯಸ್ಸು ತಡವಾಯ್ತಾ?

ಬಳ್ಳಾರಿ ಹುಡುಗ, ಕೈಯಲ್ಲಿ 3 ಲಕ್ಷ, ತೋರಣಗಲ್ಲು ರಸ್ತೆಯಲ್ಲಿ ಗಂಟೆಗೆ 160 ಕಿಲೋಮೀಟರ್ ಮುಟ್ಟಿದ ಖುಷಿ. ನಿನ್ನ ಪ್ರಶ್ನೆ ಓದಿ ನನ್ನ ಹಳೇ ಫೋಟೋ ನೋಡಿದ ಹಾಗಾಯ್ತು. ನೀನು ನನ್ನ ತಮ್ಮನಿಗಿಂತಲೂ ಚಿಕ್ಕವನು. ಅದಕ್ಕೆ ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ.

2010ರಲ್ಲಿ ನನಗೂ 22. ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲ. ಸಂಡೂರು ಕಡೆ ರಸ್ತೆ ಪಕ್ಕದ ಗಿಡಗಳ ಎಲೆಯೂ ಕೆಂಪು, ಅಂಗಳದಲ್ಲಿ ಒಣಹಾಕಿದ ಬಟ್ಟೆಯೂ ಕೆಂಪು. ಅಪ್ಪನ ಎರಡು ಟಿಪ್ಪರ್ ಆ ಲೈನಿಗೆ ಓಡುತ್ತಿದ್ದವು. ಅದಕ್ಕೆ ಮುಂಚೆ ಮನೆಯಲ್ಲಿ ಕಾಣದಷ್ಟು ದುಡ್ಡು ಬಂತು. ನಾನು ಹಟ ಹಿಡಿದು ಒಂದು ಸೆಕೆಂಡ್ ಹ್ಯಾಂಡ್ ಎಸ್ಟೀಮ್ ಕೊಡಿಸಿಕೊಂಡೆ. ಹಗುರ ಕಾರು, 1.3 ಲೀಟರ್ ಎಂಜಿನ್, ಆಗ ನಮ್ಮ ದೇಶದ ಟ್ರ್ಯಾಕ್‌ಗಳಲ್ಲೂ ರ‍್ಯಾಲಿಗಳಲ್ಲೂ ಎಲ್ಲಿ ನೋಡಿದರೂ ಅದೇ. 2005ರಲ್ಲಿ ನಾರಾಯಣ್ ಕಾರ್ತಿಕೇಯನ್ ಎಫ್1, ಅಂದರೆ ಫಾರ್ಮುಲಾ ಒನ್ ರೇಸ್ ಓಡಿಸಿದಾಗ ನಾನು ಪಿಯುಸಿ. ಕೊಯಮತ್ತೂರಿನವನ ಕೈಲಾದದ್ದು ಬಳ್ಳಾರಿಯವನ ಕೈಲಿ ಯಾಕಾಗಲ್ಲ ಅನ್ನೋ ಹುಳ ಆಗಲೇ ತಲೆಗೆ ಹೊಕ್ಕಿತ್ತು.

ಒಂದು ವರ್ಷದಲ್ಲಿ ಆ ಕಾರಿಗೆ 2 ಲಕ್ಷ 80 ಸಾವಿರ ಸುರಿದೆ. ಪವರ್ ಹೆಚ್ಚಿಸೋಕೆ ಎಂಜಿನ್ ಹೆಡ್ ಕೆಲಸ, ಬೇರೆ ಕ್ಯಾಮ್, ಫ್ರೀ ಫ್ಲೋ ಸೈಲೆನ್ಸರ್, ಫಿಲ್ಟರ್, ಅಲಾಯ್, ಕಾರು ತಗ್ಗಿಸೋ ಸ್ಪ್ರಿಂಗ್. ಎಲ್ಲ ಬಿಲ್ಲೂ ಇನ್ನೂ ಇವೆ ನನ್ನ ಹತ್ತಿರ. ಅದರಲ್ಲಿ ಬ್ರೇಕಿನದು ಅಂತ ಒಂದೇ ಒಂದು ಬಿಲ್ಲಿಲ್ಲ.

2011ರ ಜೂನ್‌ನಲ್ಲಿ ಒಬ್ಬ ಗೆಳೆಯನ ಪರಿಚಯದಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಪ್ರ್ಯಾಕ್ಟೀಸ್ ಓಡಿಸಲು ಅವಕಾಶ ಸಿಕ್ಕಿತು. ಹೊರಡುವ ಹಿಂದಿನ ದಿನ ಕೌಲ್ ಬಜಾರಿನ ನಮ್ಮ ಮೆಕ್ಯಾನಿಕ್ ಚಾಚಾ ಹತ್ತಿರ ಕಾರು ತೋರಿಸಲು ಹೋದೆ. ಎಲ್ಲ ನೋಡಿದರು. ಕೊನೆಗೆ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತಿರುಗಿಸಿ, ಕಿರುಬೆರಳು ಅದ್ದಿ ನನ್ನ ಮುಂದೆ ಹಿಡಿದರು. ಡಿಕಾಕ್ಷನ್ ಥರ ಕಪ್ಪಗಿತ್ತು. ಒಂದು ಹನಿ ಫೆಂಡರ್ ಮೇಲೆ ಬಿತ್ತು, ತಕ್ಷಣ ಒದ್ದೆ ಬಟ್ಟೆಯಿಂದ ಒರೆಸಿದರು, ಅದು ಪೇಂಟ್ ತಿನ್ನುತ್ತದೆ ಅಂತ.

"ಬೇಟಾ, ಇದನ್ನ ಬದಲಿ ಮಾಡದೆ ಹೋಗಬೇಡ. ಹೊಸ ಬ್ರೇಕ್ ಪ್ಯಾಡೂ ಹಾಕಿಸಿಬಿಡು. ಅರ್ಧ ದಿನ ಕೊಡು ನನಗೆ."

"ಬ್ರೇಕ್ ಚೆನ್ನಾಗೇ ಹಿಡೀತಾ ಇದೆಯಲ್ಲ ಚಾಚಾ. ಬಂದಮೇಲೆ ಮಾಡೋಣ ಬಿಡ್ರಿ."

ಪ್ಯಾಡ್, ಆಯಿಲ್, ಕೂಲಿ ಎಲ್ಲ ಸೇರಿ 1,800 ರೂಪಾಯಿ ಹೇಳಿದ್ದರು. ಜೇಬಿನಲ್ಲಿ ದುಡ್ಡಿತ್ತು. ಇಲ್ಲ ಅಂತಲ್ಲ. ಆ ಮಧ್ಯಾಹ್ನ ನಾನು ಬಾಗಿಲಿಗೆ ನಂಬರ್ ಸ್ಟಿಕ್ಕರ್ ಅಂಟಿಸಬೇಕಿತ್ತು. ಅದಕ್ಕೆ ಹೋದೆ.

ಅನಂತಪುರ, ಚಿತ್ತೂರು ದಾಟಿ ರಾತ್ರಿಯೆಲ್ಲ ಓಡಿಸಿಕೊಂಡು ಹೋದೆವು. ಆ ಟ್ರ್ಯಾಕ್ ಸುತ್ತು ಸುಮಾರು 3.7 ಕಿಲೋಮೀಟರ್, 12 ತಿರುವು. ಮೊದಲ ಎರಡು ಸುತ್ತು, ಜೀವನದಲ್ಲಿ ಅಷ್ಟು ಖುಷಿ ನಾನು ಪಟ್ಟೇ ಇರಲಿಲ್ಲ. ಮೂರನೇ ಸುತ್ತಿನಲ್ಲಿ ಏನೋ ಸುಟ್ಟ ವಾಸನೆ. ಕ್ಲಚ್ ಇರಬೇಕು ಅಂದುಕೊಂಡೆ. ನಾಲ್ಕರಲ್ಲಿ ಬ್ರೇಕ್ ಪೆಡಲ್ ಎರಡು ಬೆರಳಷ್ಟು ಜಾಸ್ತಿ ಕೆಳಗೆ ಹೋಗಿ ಹಿಡಿಯಿತು. ಅಲ್ಲೇ ನಿಧಾನ ಮಾಡಿ ಒಳಗೆ ಬಂದಿದ್ದರೆ ಮುಗಿದಿತ್ತು. ಐದನೇ ಸುತ್ತಿನಲ್ಲಿ ಉದ್ದ ನೇರ ದಾರಿ ಮುಗಿಯುವಾಗ 150ರ ಹತ್ತಿರ ಇದ್ದೆ. ಪೆಡಲ್ ಒತ್ತಿದೆ. ಒದ್ದೆ ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ ಅದು ಸೀದಾ ನೆಲಕ್ಕೆ ಹೋಯಿತು. ಮತ್ತೆ ಒತ್ತಿದೆ. ಏನೂ ಇಲ್ಲ. ಮಣ್ಣು, ಆಮೇಲೆ ಟೈರ್ ಗೋಡೆ.

ಇದು ಯಾಕಾಯ್ತು ಅಂತ ನಿನಗೆ ಬಿಡಿಸಿ ಹೇಳಲೇಬೇಕು. ನಾನು ಇಷ್ಟು ಉದ್ದ ಬರೆಯುತ್ತಿರೋದೇ ಇದಕ್ಕೋಸ್ಕರ.

ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ತಲುಪಿಸೋದು ಪೈಪಿನಲ್ಲಿ ತುಂಬಿರೋ ದ್ರವ. ನಾವು ಅದನ್ನು ಬ್ರೇಕ್ ಆಯಿಲ್ ಅಂತೀವಿ, ಆದರೆ ಸಾಮಾನ್ಯ ಕಾರುಗಳಲ್ಲಿ ಇರುವುದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ದ್ರವ. ಉಪ್ಪು ಮಳೆಗಾಲದಲ್ಲಿ ಒದ್ದೆಯಾಗುತ್ತದಲ್ಲ, ಹಾಗೆ ಇದು ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಮುಚ್ಚಳ ಬಿಗಿ ಇದ್ದರೂ ವರ್ಷಗಳಲ್ಲಿ ಹೋಸ್‌ಗಳ ಮೂಲಕ ಸ್ವಲ್ಪ ಸ್ವಲ್ಪ ತೇವ ಸೇರುತ್ತಲೇ ಇರುತ್ತದೆ. ಡಾಟ್ 3 ಅನ್ನೋ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಅದಕ್ಕೇ 3.7 ಪರ್ಸೆಂಟ್ ನೀರು ಸೇರಿದಾಗ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ನನ್ನ ಕಾರಿನಲ್ಲಿದ್ದದ್ದು ಹಳೇ ಮಾಲೀಕರ ಕಾಲದ ಆಯಿಲ್. ಅದರಲ್ಲಿ ಎಷ್ಟು ನೀರಿತ್ತೋ ದೇವರಿಗೇ ಗೊತ್ತು.

ಈಗ ಶಾಖದ ಲೆಕ್ಕ ನೋಡು. ಕಾರು ನಿಲ್ಲಿಸೋದು ಅಂದರೆ ಅದರ ವೇಗವನ್ನೆಲ್ಲ ಬಿಸಿ ಮಾಡಿ, ಚಕ್ರದ ಜೊತೆ ತಿರುಗೋ ಬ್ರೇಕ್ ಡಿಸ್ಕಿಗೆ ಕೊಡೋದು. 60ರಿಂದ 120ಕ್ಕೆ ಹೋದರೆ ವೇಗ ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. ನಮ್ಮ ಹೊಸಪೇಟೆ ರಸ್ತೆಯಲ್ಲಿ ಹತ್ತು ಕಿಲೋಮೀಟರಿಗೆ ಒಂದು ಸಲ ಜೋರಾಗಿ ಬ್ರೇಕ್ ಹಾಕುತ್ತೀಯ, ಆಮೇಲೆ ಡಿಸ್ಕ್ ಆರುತ್ತದೆ. ಟ್ರ್ಯಾಕ್‌ನಲ್ಲಿ ಅದು ಆರೋಕೆ ಪುರುಸೊತ್ತೇ ಇಲ್ಲ. ಡಿಸ್ಕಿನ ಬಿಸಿ ಅದನ್ನು ಹಿಡಿಯೋ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ಒತ್ತೋ ಪಿಸ್ಟನ್‌ಗೆ, ಅಲ್ಲಿಂದ ಆಯಿಲ್‌ಗೆ. ಆಯಿಲ್ ಕುದಿಯುತ್ತದೆ, ಆವಿಯ ಗುಳ್ಳೆ ಏಳುತ್ತದೆ. ಸಿರಿಂಜಿನಲ್ಲಿ ನೀರು ತುಂಬಿ, ತುದಿ ಬೆರಳಿಂದ ಮುಚ್ಚಿ ಒತ್ತಿ ನೋಡು, ಕಲ್ಲಿನ ಹಾಗಿರುತ್ತದೆ. ಗಾಳಿ ತುಂಬಿ ಒತ್ತು, ಸಲೀಸಾಗಿ ಒಳಗೆ ಹೋಗುತ್ತದೆ. ನನ್ನ ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಹಿಸುಕೋದರಲ್ಲೇ ಖರ್ಚಾಯಿತು. ಡಿಸ್ಕಿಗೆ ಏನೂ ತಲುಪಲಿಲ್ಲ.

ಇದರ ದೊಡ್ಡ ಮೋಸ ಏನು ಗೊತ್ತಾ? ಆರಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಗುತ್ತದೆ. ಹಾಗಾಗಿಯೇ ಊರಲ್ಲಿ ನನಗೆ ಬ್ರೇಕ್ "ಚೆನ್ನಾಗೇ" ಇತ್ತು. ಚಾಚಾ ಬಣ್ಣ ನೋಡಿ ಹೇಳಿದ್ದನ್ನು ನಾನು ಪೆಡಲ್ ಒತ್ತಿ ನೋಡಿ ತಳ್ಳಿಹಾಕಿದೆ. ಇನ್ನೂ ಒಂದು ಮಾತು. ಪವರ್ ಜಾಸ್ತಿ ಮಾಡಿದಷ್ಟೂ ಅದೇ ಬ್ರೇಕಿನ ಮೇಲೆ ಭಾರ ಜಾಸ್ತಿ ಮಾಡಿದೆ. ಸುಮ್ನೆ ಎಂಜಿನ್ ಮುಟ್ಟದೆ ಬಿಟ್ಟಿದ್ದರೂ ಆ ದಿನ ಇನ್ನೊಂದೆರಡು ಸುತ್ತು ತಡೆಯುತ್ತಿತ್ತೇನೋ.

ಸ್ಟೇರಿಂಗ್ ಒದ್ದ ಏಟಿಗೆ ಎಡಗೈ ಹೆಬ್ಬೆರಳು ಮುರಿಯಿತು. ಬೆರಳನ್ನು ಸ್ಟೇರಿಂಗ್ ಕಡ್ಡಿಗೆ ಸುತ್ತಿ ಹಿಡಿಯಬಾರದು ಅಂತ ನನಗೆ ಯಾರೂ ಕಲಿಸಿರಲಿಲ್ಲ, ನಾನು ಕಲಿಯಲೂ ಹೋಗಿರಲಿಲ್ಲ. ಮೊದಲು ಓಡಿ ಬಂದವನು ಒಬ್ಬ ಮಾರ್ಷಲ್, ಅಂದರೆ ಟ್ರ್ಯಾಕ್ ಪಕ್ಕ ನಿಂತು ಸುರಕ್ಷತೆ ನೋಡಿಕೊಳ್ಳುವವನು, ಕಾಲೇಜು ಹುಡುಗ, ಕೈಯಲ್ಲಿ ಬೆಂಕಿ ಆರಿಸೋ ಸಿಲಿಂಡರ್. ಅವನ ಹಿಂದೆ ಇನ್ನೊಬ್ಬ, ಮುಂದೆ ಅಪಾಯ ಇದೆ ಅಂತ ಬೇರೆ ಕಾರುಗಳಿಗೆ ತಿಳಿಸೋ ಹಳದಿ ಬಾವುಟ ಬೀಸುತ್ತಿದ್ದ. ಆ ಹುಡುಗ ನನ್ನ ಹೆಲ್ಮೆಟ್ ಎರಡೂ ಕೈಯಲ್ಲಿ ಹಿಡಿದು ತಲೆ ಅಲ್ಲಾಡದ ಹಾಗೆ ನೋಡಿಕೊಂಡ, ಡಾಕ್ಟರ್ ಬರುವವರೆಗೂ ಬಿಡಲಿಲ್ಲ.

ಎಸ್ಟೀಮ್ ಅನ್ನು ಬಾಡಿಗೆ ಟೆಂಪೋದಲ್ಲಿ ಹಾಕಿಸಿಕೊಂಡು ಬಂದು ಮನೆ ಮುಂದೆ ಇಳಿಸಿದೆವು. ಅಪ್ಪ ಒಂದು ಸುತ್ತು ಹಾಕಿ ನೋಡಿದರು. ಬೈಯಲಿಲ್ಲ. ಕೇಳಿದ್ದು ಒಂದೇ: "ಆ ಎಣ್ಣೆಗೆ ಎಷ್ಟು ಆಗ್ತಿತ್ತು?" ಹೇಳಿದೆ. ಒಳಗೆ ಹೋದರು. ಮುಂದಿನ ತಿಂಗಳು, ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಟಿಪ್ಪರ್‌ಗಳು ನಿಂತವು, ಕಂತು ನಿಲ್ಲಲಿಲ್ಲ. ರೇಸಿಗೆ ಅಂತ ಮನೆಯಲ್ಲಿ ದುಡ್ಡಿದ್ದದ್ದು ಅದೊಂದೇ ವರ್ಷ. ಅಕ್ಟೋಬರ್‌ನಲ್ಲಿ ನೋಯ್ಡಾ ಕಡೆಯ ಬುದ್ಧ್ ಸರ್ಕ್ಯೂಟ್‌ನಲ್ಲಿ ದೇಶದ ಮೊದಲ ಎಫ್1 ರೇಸ್ ನಡೆದಾಗ, ಸೆಬಾಸ್ಟಿಯನ್ ವೆಟೆಲ್ ಗೆದ್ದದ್ದನ್ನು ಟಿವಿಯಲ್ಲಿ ನೋಡಿದೆ. ಆ ಹೊತ್ತಿಗೆ ಎಸ್ಟೀಮ್ ಗುಜರಿಗೆ ಹೋಗಿತ್ತು.

ಈಗ ನಿನ್ನ ವಿಷಯ. ಯಾವ ಮಾಡಿಫಿಕೇಶನ್ ಅಂತ ಕೇಳಿದ್ದೀಯ. ಯಾವುದೂ ಬೇಡ. ನಿನ್ನ ಪ್ರಶ್ನೆಯೇ ತಪ್ಪು ಕಡೆಯಿಂದ ಶುರುವಾಗಿದೆ, ನನ್ನದೂ ಹಾಗೇ ಆಗಿತ್ತು. 160 ಹೊಡೆದದ್ದು ಕಾರಿನ ಸಾಮರ್ಥ್ಯ, ನಿನ್ನದಲ್ಲ. ನೇರ ರಸ್ತೆಯಲ್ಲಿ ಯಾರು ಬೇಕಾದರೂ ಅದನ್ನು ಒತ್ತಬಹುದು. ತೋರಣಗಲ್ಲು ರಸ್ತೆಯಲ್ಲಿ ಹಿಂದಿನ ಲೈಟಿಲ್ಲದೆ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ ಲಾರಿಗಳನ್ನು ನೀನೂ ನೋಡಿದ್ದೀಯ ಅಲ್ವಾ? ಆ ವೇಗದಲ್ಲಿ ಅಂಥ ಲಾರಿ ಕಂಡ ಮೇಲೆ ಏನೂ ಮಾಡಲಾಗದು. ದಯವಿಟ್ಟು ರಸ್ತೆಯಲ್ಲಿ ಆ ಓಟವನ್ನು ಇವತ್ತೇ ಬಿಡು. ಜೊತೆಗೆ, ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗೋ ಹಾಗೆ ಕಾರನ್ನು ಬದಲಿಸೋದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಪ್ಪು. ರೇಸ್ ಓಡಿಸುವಾಗ ಆದ ಹಾನಿಯನ್ನು ಮಾಮೂಲಿ ಕಾರಿನ ಇನ್ಶೂರೆನ್ಸ್ ಕೊಡಲ್ಲ. ನನಗೆ ಒಂದು ಪೈಸೆಯೂ ಬರಲಿಲ್ಲ.

"ಎಫ್1ನಲ್ಲಿ ಕಾರು ಮುಖ್ಯವಾ, ಡ್ರೈವರ್ ಮುಖ್ಯವಾ" ಅಂತಲೂ ಕೇಳಿದ್ದೀಯ. 2025ರ ನಿಯಮದಲ್ಲಿ ಎಫ್1 ಕಾರಿನ ಕನಿಷ್ಠ ತೂಕ ಡ್ರೈವರ್ ಸೇರಿ 800 ಕಿಲೋ ಇತ್ತು, ಅಂದರೆ ನಿನ್ನ ಖಾಲಿ ಸ್ವಿಫ್ಟ್‌ಗಿಂತ ಹಗುರ. ಎಂಜಿನ್ ಬರೀ 1.6 ಲೀಟರ್, ಟರ್ಬೊ, ಜೊತೆಗೆ ಕರೆಂಟಿನ ಮೋಟಾರ್. ನಾನು ನೋಡೋದು ಬೇರೆ. ಅವರ ಬ್ರೇಕ್ ಡಿಸ್ಕ್ ಕಾರ್ಬನ್‌ನದು, 1,000 ಡಿಗ್ರಿವರೆಗೂ ಕಾಯುತ್ತದೆ, ತಣ್ಣಗಿದ್ದರೆ ಸರಿಯಾಗಿ ಹಿಡಿಯೋದೇ ಇಲ್ಲ. ಬ್ರೇಕ್ ಹಾಕಿದಾಗ ಮೈ ಮೇಲೆ ಅವರ ತೂಕದ ಸುಮಾರು ಐದು ಪಟ್ಟು ಭಾರ. ಒಂದೂವರೆ ಗಂಟೆ, ಪ್ರತಿ ಸುತ್ತೂ ಅದೇ ಜಾಗದಲ್ಲಿ, ಅಷ್ಟೇ ಒತ್ತಡದಲ್ಲಿ ಒತ್ತಬೇಕು. ಸೆಕೆ ಜಾಸ್ತಿ ಇರೋ ರೇಸ್‌ಗಳಲ್ಲಿ ಎರಡು ಮೂರು ಕಿಲೋ ಬೆವರಲ್ಲೇ ಹೋಗುತ್ತದೆ. ಕಾರು ಚೆನ್ನಾಗಿಲ್ಲದಿದ್ದರೆ ಗೆಲ್ಲೋದು ಕಷ್ಟ, ನಿಜ. ಆದರೆ ಅಲ್ಲಿ ಕೂರೋಕೆ ಆಗುವುದು ಈ ಕೆಲಸ ಕಲಿತವರಿಗೆ ಮಾತ್ರ.

ವಯಸ್ಸು. ಎಫ್1 ಬಾಗಿಲು ನಿನಗೆ ಮುಚ್ಚಿದೆ, ಸುಳ್ಳು ಹೇಳಲ್ಲ. ಮ್ಯಾಕ್ಸ್ ವೆರ್ಸ್ಟಾಪನ್ 17ಕ್ಕೇ ಎಫ್1 ಓಡಿಸಿದರು. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಚಿಕ್ಕ ಹುಡುಗರಾಗಿದ್ದಾಗಲೇ ಕಾರ್ಟ್, ಅಂದರೆ ರೇಸಿನ ಪುಟ್ಟ ತೆರೆದ ಗಾಡಿ ಹತ್ತಿದವರು. ಡೇಮನ್ ಹಿಲ್ 31ಕ್ಕೆ ಎಫ್1ಗೆ ಬಂದು 1996ರಲ್ಲಿ ಚಾಂಪಿಯನ್ ಆದರು ಅಂತ ಯಾರಾದರೂ ನಿನಗೆ ಹೇಳಿದರೆ, ಅವರ ತಂದೆ ಎರಡು ಸಲ ಚಾಂಪಿಯನ್ ಆಗಿದ್ದವರು ಅನ್ನೋದನ್ನೂ ಕೇಳಿಕೋ. ಆದರೆ ರೇಸಿಂಗ್ ಅಂದರೆ ಎಫ್1 ಒಂದೇ ಅಲ್ಲ. ಆಟೋಕ್ರಾಸ್ (ಸಣ್ಣ ಜಾಗದಲ್ಲಿ ಒಬ್ಬೊಬ್ಬರೇ ಸಮಯದ ವಿರುದ್ಧ ಓಡಿಸೋದು), ರ‍್ಯಾಲಿ, ಟ್ರ್ಯಾಕ್‌ನ ಸಣ್ಣ ಕ್ಲಾಸ್‌ಗಳಿಗೆ 22 ಏನೂ ತಡವಲ್ಲ.

ನಾನಾಗಿದ್ದರೆ ಆ 3 ಲಕ್ಷದಲ್ಲಿ ಹೀಗೆ ಮಾಡುತ್ತೇನೆ. ಆರು ತಿಂಗಳು ತಿಂಗಳಿಗೆರಡು ಸಲ ಬೆಂಗಳೂರಿಗೆ ಹೋಗಿ ಕಾರ್ಟ್ ಓಡಿಸುತ್ತೇನೆ. ರಾತ್ರಿ ಟ್ರೇನಿಗೆ ಹತ್ತಿದರೆ ಬೆಳಗ್ಗೆ ಅಲ್ಲಿರುತ್ತೀಯ. ಕಾರ್ಟ್‌ನಲ್ಲಿ ಪವರ್ ಕಡಿಮೆ, ತಪ್ಪು ಮಾಡಿದರೆ ಗಡಿಯಾರ ತಕ್ಷಣ ತೋರಿಸುತ್ತದೆ. ಆಮೇಲೆ ಚೆನ್ನೈ ಅಥವಾ ಕೊಯಮತ್ತೂರಿನಲ್ಲಿ ಒಂದು ರೇಸಿಂಗ್ ಸ್ಕೂಲ್, ಅವರದೇ ಕಾರು, ಅವರದೇ ಬ್ರೇಕು. ಮುಂದೆ ಸ್ಪರ್ಧೆಗೆ ಇಳಿಯೋದಾದರೆ ದೇಶದ ಮೋಟಾರ್ ರೇಸಿಂಗ್ ನೋಡಿಕೊಳ್ಳೋ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು, ಅದಕ್ಕೆ ಡಾಕ್ಟರ್ ಸರ್ಟಿಫಿಕೇಟ್ ಕೇಳುತ್ತಾರೆ. ಒಳ್ಳೇ ಹೆಲ್ಮೆಟ್‌ಗೆ ದುಡ್ಡು ಉಳಿಸದೆ ಕೊಡು. ಸಮಯ, ವೇಗ, ದೂರದ ಲೆಕ್ಕದ ಮೇಲೆ ನಡೆಯೋ ಟಿಎಸ್‌ಡಿ ರ‍್ಯಾಲಿಗಳಿಗೆ ನಿನ್ನ ಸ್ವಿಫ್ಟ್ ಈಗ ಇರೋ ಹಾಗೇ ಸಾಕು. ನಾನು ಮತ್ತೆ ಶುರು ಮಾಡಿದ್ದೂ ಹಾಗೇ, ಬೇರೆಯವರ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಲೆಕ್ಕ ಹಾಕುತ್ತಾ.

ಮತ್ತೆ ಒಂದು ರೇಸಿಗಾದರೂ ಮಾರ್ಷಲ್ ಆಗಿ ಹೋಗು. ನಾನು ಮೂರು ವರ್ಷ ಹೋದೆ. ತಿರುವಿನ ಪಕ್ಕ ಇಡೀ ದಿನ ಬಿಸಿಲಲ್ಲಿ ನಿಂತರೆ ಯಾರು ಎಲ್ಲಿ ಬ್ರೇಕ್ ಹಾಕುತ್ತಾರೆ ಅಂತ ಕಿವಿಯಿಂದಲೇ ಗೊತ್ತಾಗುತ್ತದೆ. ಒಂದು ಕಾರು ಬ್ರೇಕ್ ಹಾಕಬೇಕಾದ ಜಾಗ ದಾಟಿದರೂ ಎಂಜಿನ್ ಸದ್ದು ಇಳಿಯದೆ ಇದ್ದರೆ, ಕೈ ತಾನಾಗಿಯೇ ಹಳದಿ ಬಾವುಟಕ್ಕೆ ಹೋಗುತ್ತದೆ.

ಈಗ ನಾನು ಊರಲ್ಲೇ ಟೈರ್ ಅಂಗಡಿ ಇಟ್ಟಿದ್ದೇನೆ. ಅಲೈನ್‌ಮೆಂಟ್‌ಗೆ ಬಂದ ಪ್ರತಿ ಕಾರಿನ ಬಾನೆಟ್ ತೆಗೆಸಿ ಬ್ರೇಕ್ ಆಯಿಲ್ ನೋಡುತ್ತೇನೆ, ಅದಕ್ಕೆ ದುಡ್ಡು ತೆಗೆದುಕೊಳ್ಳಲ್ಲ.

ನೀನೂ ನಾಳೆ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ತೆಗೆದು ನೋಡು. ಡ್ರೈವರ್ ಕಡೆ, ಹಿಂದೆ, ಬ್ರೇಕ್ ಆಯಿಲ್ ಇರೋ ಬಿಳಿ ಡಬ್ಬಿ ಇರುತ್ತದೆ. ಹೊಸ ಆಯಿಲ್ ಆದರೆ ತೆಳು ಜೇನಿನ ಬಣ್ಣ. ಬಣ್ಣ ತಿಳಿ ಇದ್ದರೂ ಎರಡು ವರ್ಷ ದಾಟಿದ್ದರೆ ಬದಲಿ ಮಾಡಿಸು. ನಿನ್ನದು ಯಾವ ಬಣ್ಣಕ್ಕಿದೆ, ಕೊನೆಗೆ ಯಾವಾಗ ಬದಲಿಸಿದ್ದು ಅಂತ ಕೆಳಗೆ ಬರೆ. ಮಿಕ್ಕಿದ್ದು ಆಮೇಲೆ ಮಾತಾಡೋಣ.