ಆನ್‌ಲೈನ್ ಸ್ಟ್ರಾಟಜಿ ಗೇಮ್‌ನಲ್ಲಿ ಹೊಸಬರನ್ನೇ ಹುಡುಕಿ ಹೊಡೆಯುವುದು ತಪ್ಪಾ?

ಬೇಕೆಂದೇ ಸೋತು ಕೆಳಗಿಳಿದು ಹೊಸಬರನ್ನು ಹೊಡೆಯುತ್ತೇನೆ, ರೂಲ್ಸ್‌ನಲ್ಲಿ ಅವಕಾಶ ಇದೆ, ಆದರೂ ಫ್ರೆಂಡ್ಸ್ ಬೈಯುತ್ತಾರೆ ಅಂತ ಬರೆದಿದ್ದೀರಿ. ನನಗೆ 2014ರ ಮಳೆಗಾಲ ನೆನಪಾಯಿತು.

ಕೊಡಗಿನ ಸುಂಟಿಕೊಪ್ಪದ ಸುತ್ತಮುತ್ತ ಇದ್ದ ಹತ್ತು ಜನ ಸೇರಿ ಕ್ಲಾಶ್ ಆಫ್ ಕ್ಲಾನ್ಸ್‌ನಲ್ಲಿ ಒಂದು ಕ್ಲಾನ್, ಅಂದರೆ ತಂಡ, ಮಾಡಿಕೊಂಡಿದ್ದೆವು. ನಮ್ಮ ಊರು ಕಟ್ಟಿಕೊಂಡು ಬೇರೆಯವರ ಊರಿನ ಮೇಲೆ ದಾಳಿ ಮಾಡುವ ಮೊಬೈಲ್ ಆಟ ಅದು. ನಾನೇ ಲೀಡರ್, ಟೌನ್ ಹಾಲ್ 8 (ಟೌನ್ ಹಾಲ್ ಅಂದರೆ ಊರಿನ ಮುಖ್ಯ ಕಟ್ಟಡ, ಅದರ ಹಂತವೇ ಆಟಗಾರನ ಮಟ್ಟ). ಮಿಕ್ಕವರಲ್ಲಿ ಜಾಸ್ತಿ ಪಿಯುಸಿ ಹುಡುಗರು. ಜೋರು ಮಳೆ ಹಿಡಿದರೆ ನಮ್ಮ ಕಡೆ ಹೋದ ಕರೆಂಟು ಎರಡು ಮೂರು ದಿನ ಬರುವುದಿಲ್ಲ. ಜೀಪಿನಲ್ಲಿ ಫೋನ್ ಚಾರ್ಜ್ ಮಾಡಿಕೊಂಡು, ಕಾಫಿ ಕಣದ ಮೂಲೆಯಲ್ಲಿ ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ ಕೊಡೆ ಹಿಡಿದು ನಿಂತು ಆಡುತ್ತಿದ್ದೆ. ನನ್ನ ಹೆಂಡತಿ ಅದಕ್ಕೆ ಏನೆಂದಳು ಅಂತ ಇಲ್ಲಿ ಬರೆಯುವುದಿಲ್ಲ.

ನೀವು ಮಾಡುವುದನ್ನೇ ನಾನೂ ಮಾಡುತ್ತಿದ್ದೆ. ರಾತ್ರಿ ಮಲಗುವ ಮುಂಚೆ ಒಂದೇ ಒಂದು ಆರ್ಚರ್ (ಬಿಲ್ಲುಗಾರ) ಇಳಿಸುವುದು, ಸರೆಂಡರ್ ಒತ್ತಿ ಸೋಲುವುದು. ಹೀಗೆ ಹತ್ತಿಪ್ಪತ್ತು ಸಲ. ಗೆದ್ದರೆ ಏರುವ, ಸೋತರೆ ಇಳಿಯುವ ಟ್ರೋಫಿ ಅಂಕ ನೋಡಿಯೇ ಆಗ ಆಟ ಎದುರಾಳಿಯನ್ನು ಕೊಡುತ್ತಿತ್ತು. ಅದು ಇಳಿದಷ್ಟೂ ಟೌನ್ ಹಾಲ್ 5, 6ರ ಪಾಪದವರು ಎದುರಿಗೆ ಬರುತ್ತಿದ್ದರು. ಬೆಳಿಗ್ಗೆ ಎದ್ದು ಅವರನ್ನು ಚಚ್ಚುವುದು. ನಿಜ ಹೇಳಬೇಕೆಂದರೆ ಲಾಭವೂ ಇರಲಿಲ್ಲ, ಎರಡು ಹಂತ ಕೆಳಗಿನವರನ್ನು ಹೊಡೆದರೆ ಸಿಗುವ ಲೂಟಿ ಅರ್ಧಕ್ಕೆ ಇಳಿಯುತ್ತಿತ್ತು. ಆದರೂ ಪ್ರತಿ ಸಲ ಗೆಲ್ಲುತ್ತೇನಲ್ಲ, ಆ ಖುಷಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಇನ್ನೊಂದು ಕ್ಲಾನ್ ಜೊತೆ ಒಂದು ವಾರ್ ಬಿತ್ತು, ಹತ್ತಕ್ಕೆ ಹತ್ತು. ಒಂದು ಬೇಸ್ (ಆಟಗಾರನ ಊರು) ಹೊಡೆದರೆ ಹೆಚ್ಚೆಂದರೆ ಮೂರು ಸ್ಟಾರ್, ಜಾಸ್ತಿ ಸ್ಟಾರ್ ಗಳಿಸಿದ ಕ್ಲಾನ್‌ಗೆ ಗೆಲುವು. ಒಬ್ಬೊಬ್ಬರಿಗೆ ಎರಡು ಅಟ್ಯಾಕ್. ಯಾರು ಯಾರನ್ನು ಹೊಡೆಯಬೇಕು ಅಂತ ವಾಟ್ಸಾಪ್‌ನಲ್ಲಿ ಪಟ್ಟಿ ಹಾಕಿದ್ದು ನಾನೇ. ನನಗೆ ಎದುರಿನವರ ನಂಬರ್ 1 ಮತ್ತು 2, ಅಂದರೆ ಅವರಲ್ಲಿ ಅತಿ ಗಟ್ಟಿ ಇಬ್ಬರು. ಸಂಜೆ ನಂಬರ್ 1ರ ಬೇಸ್ ತೆಗೆದು ನೋಡಿದೆ. ಹತ್ತು ನಿಮಿಷ ಸುಮ್ನೆ ನೋಡಿದೆ. ಕೈ ಬರಲಿಲ್ಲ. ಸೋತರೆ ಹುಡುಗರು ರಿಪ್ಲೇ ನೋಡುತ್ತಾರಲ್ವಾ? ಕೆಳಗೆ ಇಳಿದು 8ನ್ನೂ 9ನ್ನೂ ಹೊಡೆದೆ. ಎರಡೂ ತ್ರೀ ಸ್ಟಾರ್. ನನ್ನ ಹೆಸರಿನ ಮುಂದೆ ಆರು ಸ್ಟಾರ್, ಕ್ಲಾನ್‌ನಲ್ಲೇ ಜಾಸ್ತಿ.

ಆದರೆ ಲೆಕ್ಕ ಹಾಕಿ. 8, 9 ನಮ್ಮ ಇಬ್ಬರು ಚಿಕ್ಕ ಹುಡುಗರು ಹೇಗೂ ಹೊಡೆಯುತ್ತಿದ್ದ ಬೇಸ್‌ಗಳು. ಆ ಆರು ಸ್ಟಾರ್ ನಾನಿಲ್ಲದೆಯೂ ಬರುತ್ತಿದ್ದವು. ಒಂದೇ ಬೇಸನ್ನು ಎಷ್ಟು ಜನ ಹೊಡೆದರೂ ಮೂರರ ಮೇಲೆ ಸ್ಟಾರ್ ಇಲ್ಲ. ಹಾಗಾಗಿ ನನ್ನಿಂದ ಕ್ಲಾನ್‌ಗೆ ಬಂದದ್ದು ಸೊನ್ನೆ. ತಮ್ಮ ಪಾಲು ಹೋಗಿದ್ದಕ್ಕೆ ಆ ಹುಡುಗರು ಬೇರೆ ದಾರಿ ಇಲ್ಲದೆ ನಂಬರ್ 1, 2ರ ಮೇಲೆ ಹೋದರು. ಸಿಕ್ಕಿದ್ದು ಒಂದೇ ಸ್ಟಾರ್. ಸೋತದ್ದು 24-22ರಲ್ಲಿ. ನಾನು ಮೇಲಿನ ಎರಡರಲ್ಲೂ ಅರ್ಧ ಕೆಡವಿ ಟೌನ್ ಹಾಲ್ ಬೀಳಿಸಿದ್ದರೆ ಸಾಕಿತ್ತು, ಎರಡೆರಡು ಸ್ಟಾರ್, ಒಟ್ಟು 25. ಎಷ್ಟೋ ರಾತ್ರಿ ಈ ಲೆಕ್ಕವನ್ನೇ ಹಾಕಿದ್ದೇನೆ, ನಗಬೇಡಿ.

ಒಬ್ಬ ಹುಡುಗ ಗ್ರೂಪ್‌ನಲ್ಲಿ ಒಂದೇ ಸಾಲು ಹಾಕಿದ: "ಅಣ್ಣಾ, ನಮ್ಮ ಎಲೆಯಲ್ಲಿ ಇದ್ದದ್ದನ್ನೂ ನೀವೇ ತಿಂದ್ರಲ್ಲ." ಮಾರನೇ ದಿನ ಅವನು ಕ್ಲಾನ್ ಬಿಟ್ಟ. ವಾರದೊಳಗೆ ಏಳು ಜನ ಹೋದರು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಹೊಸಬನಿಗೆ ಆಗುವ ನಷ್ಟ ಅಂಥ ದೊಡ್ಡದಲ್ಲ. ಚೆನ್ನಾಗಿ ಹೊಡೆಸಿಕೊಂಡವನಿಗೆ ಆಗ ಕನಿಷ್ಠ 12 ಗಂಟೆ ಶೀಲ್ಡ್, ಅಂದರೆ ಯಾರೂ ದಾಳಿ ಮಾಡದಂತೆ ರಕ್ಷಣೆ, ಸಿಗುತ್ತಿತ್ತು, ಅಷ್ಟರಲ್ಲಿ ಸುಧಾರಿಸಿಕೊಳ್ಳುತ್ತಿದ್ದ. ಕೆಟ್ಟದ್ದು ನನ್ನ ಕೈ. ತಿಂಗಳುಗಟ್ಟಲೆ ಸೋಲದೆ ಆಡಿ ಸೋಲುವ ಧೈರ್ಯ ಹೋಗಿತ್ತು. ರೂಲ್ಸ್ ಒಪ್ಪುತ್ತದೆ ಅನ್ನುವ ಮಾತನ್ನಂತೂ ತರಲೇಬೇಡಿ. ನಮ್ಮಲ್ಲಿ 1997ರಿಂದ ಕೊಡವ ಕುಟುಂಬಗಳ ಹಾಕಿ ನಡೆಯುತ್ತಿದೆ, ಪಳಗಿದ ಆಟಗಾರರೂ ಸ್ಕೂಲ್ ಹುಡುಗರೂ ಒಂದೇ ಮೈದಾನಕ್ಕೆ ಇಳಿಯುತ್ತಾರೆ. ಅಲ್ಲಿ ದೊಡ್ಡ ಆಟಗಾರ ಚಿಕ್ಕ ಹುಡುಗನ ಸುತ್ತಲೇ ಚೆಂಡು ತಿರುಗಿಸಿ ಮಜಾ ತೆಗೆದುಕೊಂಡರೆ ಫೌಲ್ ಏನೂ ಇಲ್ಲ, ಆದರೆ ಗ್ಯಾಲರಿಯಲ್ಲಿ ಅವನ ಅತ್ತೆ, ಚಿಕ್ಕಪ್ಪ ಎಲ್ಲ ಕೂತಿರುತ್ತಾರೆ. ಫೋನ್‌ನಲ್ಲಿ ಯಾರೂ ಕೂತಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ಲೂಟಿ ಬೇಕೇ ಬೇಕು ಅಂದರೆ ಆಟ ಬಿಟ್ಟು ಹೋದವರ ಬೇಸ್ ಹುಡುಕಿ. ಸಂಪತ್ತು ಕೂಡಿಡುವ ಕಲೆಕ್ಟರ್ ತುಂಬಿ ತುಳುಕುತ್ತಿರುತ್ತದೆ, ಸುತ್ತ ಪೊದೆ ಬೆಳೆದಿರುತ್ತದೆ. ಕಾಡು ಹಿಡಿದ ತೋಟ ನೋಡಿದರೆ ಯಜಮಾನ ಊರಲ್ಲಿಲ್ಲ ಅಂತ ಗೊತ್ತಾಗುವುದಿಲ್ವಾ, ಹಾಗೆ. ಬೇಕೆಂದೇ ಸೋತು ಕೆಳಗಿಳಿಯುವುದನ್ನು ಇವತ್ತೇ ಬಿಡಿ. ಒಂದು ತಿಂಗಳು ನಿಮಗಿಂತ ಮೇಲಿನವರ ಕೈಲಿ ಒದೆ ತಿನ್ನಿ.

ಆ ಹುಡುಗ ಈಗ ಕುಶಾಲನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಹೋದ ತಿಂಗಳು ಸ್ಕ್ರೀನ್ ಗಾರ್ಡ್ ಹಾಕಿಸಲು ಹೋಗಿದ್ದೆ. ಕಾಫಿ ತರಿಸಿದ, ತೋಟ ಹೇಗಿದೆ, ಮಳೆ ಹೇಗಿದೆ ಅಂತೆಲ್ಲ ಕೇಳಿದ. ಆಟದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸ್ಕ್ರೀನ್ ಗಾರ್ಡ್‌ಗೆ ನೂರೈವತ್ತು ಅಂದ. ಹತ್ತು ರೂಪಾಯಿ ಕೂಡ ಬಿಡಲಿಲ್ಲ.