ಮೊದಲು ಬಣ್ಣ ನೋಡಿ, ಆಮೇಲೆ ಪೆಟ್ಟಿಗೆ ಕೊಳ್ಳಿ

ಪ್ರಶ್ನೆ: ವಿಜಯಪುರದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ನನ್ನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳು, ಹಳೇ ರೇಡಿಯೊ, ಯುಪಿಎಸ್ ಬೋರ್ಡುಗಳಿಂದ ಬಿಚ್ಚಿದ್ದು, ಅಂಗಡಿಯಿಂದ ತಂದಿದ್ದು, ಎಲ್ಲಾ ಒಂದೇ ಬಿಸ್ಕತ್ ಡಬ್ಬಿಯಲ್ಲಿದೆ. ಒಂದು 10ಕೆ (ಹತ್ತು ಸಾವಿರ ಓಮ್) ರೆಸಿಸ್ಟರ್ ಹುಡುಕಲು ಅರ್ಧ ಗಂಟೆ ಹೋಗುತ್ತದೆ. ಖಾನೆಗಳಿರುವ ಪೆಟ್ಟಿಗೆ ತಗೊಳ್ಳಲಾ?

ಉತ್ತರ: ಈಗಲೇ ಬೇಡ. ವಿಂಗಡಿಸದೆ ಪೆಟ್ಟಿಗೆ ತಂದರೆ ಅದೇ ರಾಶಿ ಇಪ್ಪತ್ತು ಖಾನೆಗೆ ಹಂಚಿಹೋಗುತ್ತದೆ, ಅಷ್ಟೇ.

ವಿಂಗಡಿಸಲು ಒಂದೊಂದರ ವ್ಯಾಲ್ಯೂ ಓದುತ್ತಾ ಕೂರಬೇಕಿಲ್ಲ. ರೆಸಿಸ್ಟರ್ ಮೈಮೇಲೆ ಬಣ್ಣದ ಪಟ್ಟಿಗಳಿರುತ್ತವೆ. ನಾಲ್ಕು ಪಟ್ಟಿಯವನ್ನು ಒಂದು ಕಡೆ ಮಾಡಿ, ಐದು ಪಟ್ಟಿಯವನ್ನು (ಹೆಚ್ಚಾಗಿ ನೀಲಿ ಮೈ) ಇನ್ನೊಂದು ಕಡೆ. ಈಗ ನಾಲ್ಕು ಪಟ್ಟಿಯದನ್ನು ಬಂಗಾರದ ಪಟ್ಟಿ ಬಲಕ್ಕೆ ಬರುವಂತೆ ಹಿಡಿದು ಮೂರನೇ ಪಟ್ಟಿ ಮಾತ್ರ ನೋಡಿ. ಕಂದು ಇದ್ದರೆ ನೂರರ ಲೆಕ್ಕದ ಓಮ್, ಕೆಂಪು ಇದ್ದರೆ 1ಕೆಯಿಂದ 10ಕೆ ಒಳಗೆ, ಕಿತ್ತಳೆ ಇದ್ದರೆ 10ಕೆಯಿಂದ 100ಕೆ ಒಳಗೆ, ಹಳದಿ ಇದ್ದರೆ 100ಕೆ ಮತ್ತು ಮೇಲೆ. ಬಣ್ಣಕ್ಕೊಂದು ಜಿಪ್ ಕವರ್ ಸಾಕು. ನಿಮ್ಮ 10ಕೆ ಅಂದರೆ ಕಂದು-ಕಪ್ಪು-ಕಿತ್ತಳೆ, ಅದು ಕಿತ್ತಳೆ ಕವರಿನಲ್ಲೇ ಇರಬೇಕು. ಸಾಮಾನ್ಯ ಸರಣಿಯಲ್ಲಿ ಒಂದು ಕವರಿಗೆ ಬರುವುದು ಹನ್ನೆರಡೇ ವ್ಯಾಲ್ಯೂ: 10, 12, 15, 18, 22, 27, 33, 39, 47, 56, 68, 82. ಅಷ್ಟರಲ್ಲಿ ಹುಡುಕುವುದು ಕಷ್ಟವಲ್ಲ, ಅಲ್ವಾ? ಐದು ಪಟ್ಟಿಯದರಲ್ಲಿ ಮಾತ್ರ ನಾಲ್ಕನೇ ಪಟ್ಟಿ ನೋಡಬೇಕು, ಅಲ್ಲಿ 10ಕೆಗೆ ಆ ಜಾಗದಲ್ಲಿ ಕೆಂಪು ಬರುತ್ತದೆ. ನೀಲಿ ಮೈ ಮೇಲೆ ಕೆಂಪು, ಕಂದು ಒಂದೇ ಥರ ಕಾಣುತ್ತವೆ, ಸಂಶಯ ಬಂದರೆ ಮಲ್ಟಿಮೀಟರ್ ಹಚ್ಚಿ.

ಕವರುಗಳನ್ನು ಶೂ ಡಬ್ಬಿಯಲ್ಲಿ ನಿಲ್ಲಿಸಿಡಿ. ಪ್ರತಿ ಕವರಿನೊಳಗೆ ಗಟ್ಟಿ ರಟ್ಟಿನ ಚೀಟಿ ಹಾಕಿ, ಮೇಲಿನ ಅಂಚಿನಲ್ಲಿ ಮಾರ್ಕರ್‌ನಿಂದ ದಪ್ಪಗೆ ಬರೆಯಿರಿ. ಹೊಸದು ತಂದ ದಿನವೇ ಬರೆದು ಸೇರಿಸಿಬಿಡಿ, ಆಮೇಲೆ ಅಂತ ಮೇಜಿನ ಮೇಲೆ ಬಿಟ್ಟಿದ್ದೇ ಮತ್ತೆ ರಾಶಿ ಆಗುತ್ತದೆ.

ಸೆರಾಮಿಕ್ ಕೆಪಾಸಿಟರ್ ಮೇಲೆ 104 ಅಂತಿದ್ದರೆ 0.1 ಮೈಕ್ರೊಫ್ಯಾರಡ್, 103 ಅಂದರೆ ಅದರ ಹತ್ತನೇ ಒಂದು ಭಾಗ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಪತ್ರಾಸಿನ ಕೆಳಗೆ ಇಡಲೇಬೇಡಿ. ನಿಮ್ಮೂರ ಬೇಸಿಗೆ ಗೊತ್ತಲ್ಲ, ಆ ಕಾವಿಗೆ ಒಳಗಿನ ದ್ರವ ಬೇಗ ಒಣಗುತ್ತದೆ. ಯುಪಿಎಸ್‌ನ ದೊಡ್ಡ ಕೆಪಾಸಿಟರ್ ಮುಟ್ಟುವ ಮೊದಲು ಚಾರ್ಜ್ ಉಳಿದಿದೆಯಾ ಅಂತ ಮೀಟರ್‌ನಲ್ಲಿ ನೋಡಿ.

ಐಸಿಗಳನ್ನು ಬರೀ ಥರ್ಮಾಕೋಲ್‌ಗೆ ಚುಚ್ಚುವ ರೂಢಿ ಬಿಡಿ. ಒಣ ಹವೆಯಲ್ಲಿ ಅದರಲ್ಲಿ ಸ್ಟ್ಯಾಟಿಕ್ ಚಾರ್ಜ್ ಜಾಸ್ತಿ ಆಗುತ್ತದೆ. ಸ್ಟ್ಯಾಟಿಕ್ ತಾಳದ 4017ನಂಥ ಸಿಮಾಸ್ (CMOS) ಐಸಿ, ಮಾಸ್ಫೆಟ್‌ಗಳು ಸದ್ದಿಲ್ಲದೆ ಸಾಯುತ್ತವೆ. ಐಸಿ ಜೊತೆ ಬರುವ ಚಾರ್ಜ್ ಹರಿದುಹೋಗಲು ಬಿಡುವ ಕಪ್ಪು ಫೋಮ್ ಎಸೆಯದೆ ಅದರಲ್ಲೇ ಚುಚ್ಚಿಡಿ. ಬಿಸಿ 547 (BC547), ಬಿಸಿ 557 (BC557) ಟ್ರಾನ್ಸಿಸ್ಟರ್‌ಗಳು ಒಂದೇ ಕವರಿನಲ್ಲಿ ಬೇಡ. ನೋಡಲು ಒಂದೇ, ಆದರೆ ಒಂದಕ್ಕೊಂದು ಉಲ್ಟಾ ಬಗೆ, ಮೊದಲನೆಯದು ಎನ್‌ಪಿಎನ್, ಎರಡನೆಯದು ಪಿಎನ್‌ಪಿ. ವೋಲ್ಟೇಜ್ ರೆಗ್ಯುಲೇಟರ್‌ಗಳಾದ 7805, ಎಲ್‌ಎಂ 317 ಕೂಡ ಹಾಗೇ, ಆಕಾರ ಒಂದೇ ಇದ್ದರೂ ಕಾಲುಗಳ ಕ್ರಮ ಬೇರೆ.

ಪ್ರಶ್ನೆ: ನಮ್ಮದು ಖಾನಾಪುರ. ಮಳೆಗಾಲ ಮುಗಿಯುವಷ್ಟರಲ್ಲಿ ಬಿಡಿಭಾಗಗಳ ಕಾಲು ಕಪ್ಪಾಗಿ ಸೋಲ್ಡರ್ ಹಿಡಿಯುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಕಡೆ ಮಳೆಗೆ ಶೂ ಡಬ್ಬಿ ನಡೆಯುವುದಿಲ್ಲ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತಗೊಂಡು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕಾಳಿನ ಬಣ್ಣ ಬದಲಾದರೆ ಹೊಸದು ಇಡಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರಲ್ಲಿರುವ ಗಂಧಕವೂ ಬೆಳ್ಳಿ ಲೇಪದ ಕಾಲುಗಳನ್ನು ಕಪ್ಪು ಮಾಡುತ್ತದೆ. ಈಗಾಗಲೇ ಕಪ್ಪಾಗಿದ್ದರೆ ನಯವಾದ ಪಾಲಿಶ್ ಪೇಪರ್‌ನಿಂದ ಹಗುರಾಗಿ ಉಜ್ಜಿ, ಸ್ವಲ್ಪ ಫ್ಲಕ್ಸ್ ಹಚ್ಚಿ. ಸೋಲ್ಡರ್ ಹಿಡಿಯುತ್ತದೆ.